ಜೋಗಕ್ಕೆ ಮೇ ತಿಂಗಳಲ್ಲಿ ಹೊರಡುವವರಿಗೆ

ಮಳೆ ಶುರುವಾಯಿತೆಂದರೆ ಸಾಕು, 'ಜೀವನಚೈತ್ರ' ಚಿತ್ರದ ಜೋಗದ ಹಾಡು ಹಾಕಿ ಎಂದು ನಮ್ಮ ಕಾರ್ಯಕ್ರಮಕ್ಕೆ ಫೋನುಗಳು ಬರತೊಡಗುತ್ತವೆ. ಹಾಡಿನ ಬೇಡಿಕೆಯ ಜೊತೆಗೇ ಇನ್ನೊಂದು ಮಾತು: "ನಾವೂ ಹೋಗಿದ್ದೆವು, ಬರೀ ಬಂಡೆ ನೋಡಿಕೊಂಡು ಬಂದೆವು." ವಿಚಾರಿಸಿದರೆ ಹೋದದ್ದು ಮೇ ತಿಂಗಳಲ್ಲಿ. ಪಾಪ, ಮಕ್ಕಳಿಗೆ ರಜೆ ಸಿಗುವುದೇ ಆಗ, ಊರಿನ ಮದುವೆ-ಮುಂಜಿಗಳೂ ಆಗಲೇ. ಆದರೆ ಮುಂಬೈಯಿಂದ ಸುಮಾರು 700 ಕಿ.ಮೀ. ದಾರಿ ಸವೆಸಿ, ಮೊಣಕಾಲು ನೋವಿನ ಅಮ್ಮನನ್ನೂ ಕರೆದುಕೊಂಡು ಹೋಗಿ ನಾಲ್ಕು ಒಣಗಿದ ಗೆರೆ ನೋಡಿದರೆ ಬೇಜಾರಾಗದೇ ಇರುತ್ತದೆಯೇ? ಜೋಗದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿದು ಹೊರಟರೆ ಒಳ್ಳೆಯದು.

ದಾರಿಯಿಂದಲೇ ಶುರುಮಾಡೋಣ. ಪುಣೆ, ಸಾತಾರಾ, ಕೊಲ್ಹಾಪುರ, ಬೆಳಗಾವಿ ಹಾದು ಹುಬ್ಬಳ್ಳಿಗೆ ಬರುವಷ್ಟರಲ್ಲಿ ಕೃಷ್ಣೆ, ಪಂಚಗಂಗೆ, ಹಿರಣ್ಯಕೇಶಿ, ಘಟಪ್ರಭೆ, ಮಲಪ್ರಭೆಗಳನ್ನು ದಾಟಿರುತ್ತೀರಿ. ಎಲ್ಲವೂ ಪೂರ್ವಕ್ಕೆ ಹರಿದು ಬಂಗಾಳ ಕೊಲ್ಲಿ ಸೇರುವ ನೀರು. ಹುಬ್ಬಳ್ಳಿ ಬಿಟ್ಟು ಶಿರಸಿಯ ಕಡೆ ತಿರುಗಿದ ಮೇಲೆ ನದಿಗಳ ದಿಕ್ಕೇ ಬದಲು. ಬೇಡ್ತಿ, ಅಘನಾಶಿನಿ, ಶರಾವತಿ ಮೂರೂ ಪಶ್ಚಿಮದ ಕಡಲಿಗೆ ಹೋಗುವವು. ಶರಾವತಿ ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಸಮುದ್ರ ಸೇರುವ ಹೊತ್ತಿಗೆ ಹರಿಯುವುದು ಸುಮಾರು 130 ಕಿ.ಮೀ. ಮಾತ್ರ. ಅಷ್ಟರೊಳಗೆ ಇಡೀ ಘಟ್ಟ ಇಳಿಯಬೇಕಲ್ಲ! ಜೋಗದಲ್ಲಿ ಒಮ್ಮೆಲೇ 830 ಅಡಿ ಧುಮುಕುತ್ತದೆ.

ಇಷ್ಟು ಎತ್ತರದಿಂದ ಬೀಳುವ ನೀರೆಂದರೆ ವಿದ್ಯುತ್ತು. 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟೆ ಮತ್ತು ಜಲಪಾತದ ಕೆಳಗಿನ ಕಣಿವೆಯಲ್ಲಿ ವಿದ್ಯುದಾಗಾರ ಬಂದವು. 1964ರಲ್ಲಿ ಜೋಗಕ್ಕಿಂತ ಸುಮಾರು 6 ಕಿ.ಮೀ. ಮೇಲೆ ಲಿಂಗನಮಕ್ಕಿ ಅಣೆಕಟ್ಟೆ ಎದ್ದಿತು. ಹಳೆಯ ಹಿರೇಭಾಸ್ಕರವೇ ಅದರ ಹಿನ್ನೀರಿನಲ್ಲಿ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಈಗಲೂ ತಲೆ ಎತ್ತುವುದುಂಟು. ಅಣೆಕಟ್ಟೆಯ ಜೊತೆಗೆ ಸಾಗರ, ಹೊಸನಗರ ಸೀಮೆಯ ಎಷ್ಟೋ ಹಳ್ಳಿ, ಗದ್ದೆ, ಅಡಿಕೆ ತೋಟಗಳೂ ಮುಳುಗಿದವು. ಮನೆ ಬಿಟ್ಟು ಎದ್ದುಹೋದವರ ಭೂಮಿಯ ಹಕ್ಕಿನ ತಕರಾರು ಇವತ್ತಿಗೂ ಪೂರ್ತಿ ಮುಗಿದಿಲ್ಲ. ನಿಮ್ಮಲ್ಲೇ ಕೆಲವರ ಅಜ್ಜನ ಮನೆ ಆ ನೀರಿನಡಿ ಇರಬಹುದು.

ಲಿಂಗನಮಕ್ಕಿಯಲ್ಲಿ ನಿಂತ ನೀರು ಕಾಲುವೆಯಲ್ಲಿ ತಳಕಳಲೆಗೆ, ಅಲ್ಲಿಂದ ಕೊಳವೆಗಳಲ್ಲಿ 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಜಲಪಾತದ ಮುಖ ನೋಡುವುದೇ ಇಲ್ಲ. ಜೋಗ ಬತ್ತುವುದು ಬರೀ ಬಿಸಿಲಿಗಲ್ಲ, ನಮ್ಮ ಮನೆಯ ದೀಪಕ್ಕೆ.

ಹಾಗಾದರೆ ಯಾವಾಗ ಹೋಗಬೇಕು? ಜೂನ್ ಕೊನೆಗೆ ಅಣೆಕಟ್ಟೆಯ ಕೆಳಗಿನ ಕಾಡಿನ ಹಳ್ಳಗಳೇ ತುಂಬಿ ಜಲಪಾತಕ್ಕೆ ಜೀವ ಬರುತ್ತದೆ. ಜುಲೈ, ಆಗಸ್ಟ್‌ನಲ್ಲಿ ನೀರು ಜೋರು, ಮಂಜೂ ಜೋರು. ಎದುರಿಗೆ ಬಿಳಿ ಪರದೆ ಬಿಟ್ಟರೆ ಏನೂ ಕಾಣದೆ, ಸದ್ದಷ್ಟೇ ಕೇಳಿಸಬಹುದು. ಗಾಳಿ ಬೀಸುವವರೆಗೆ ತಾಳ್ಮೆಯಿಂದ ನಿಲ್ಲಿ. ಸೆಪ್ಟೆಂಬರ್ ನನ್ನ ಆಯ್ಕೆ. ಆಗ ನಾಲ್ಕನ್ನೂ ಬೇರೆ ಬೇರೆ ಗುರುತಿಸಬಹುದು: ನೇರವಾಗಿ ಬೀಳುವ ರಾಜಾ, ಪಕ್ಕದ ಕೊರಕಲಿನಲ್ಲಿ ಆರ್ಭಟಿಸುವ ರೋರರ್, ಚಿಮ್ಮಿ ಹಾರುವ ರಾಕೆಟ್, ಬಂಡೆಗೆ ಮೈ ತಾಗಿಸಿ ನೊರೆನೊರೆಯಾಗಿ ಇಳಿಯುವ ರಾಣಿ. ನಾಲ್ಕೂ ಒಂದಾಗುವ ಅಬ್ಬರ ನೋಡಬೇಕೆಂದರೆ ಅಣೆಕಟ್ಟೆಯ ಬಾಗಿಲು ತೆರೆಯಬೇಕು. ಅದು ಪ್ರತಿ ವರ್ಷ ಸಿಗುವ ಭಾಗ್ಯವಲ್ಲ. ಪತ್ರಿಕೆಯ ಜಲಾಶಯ ಮಟ್ಟದ ಪಟ್ಟಿಯಲ್ಲಿ ಲಿಂಗನಮಕ್ಕಿಯನ್ನು ನೋಡುತ್ತಿರಿ. ಗರಿಷ್ಠ ಮಟ್ಟ 1,819 ಅಡಿ. ಅದರ ಹತ್ತಿರ ಬಂದಾಗ ರಜೆ ಅರ್ಜಿ ಬರೆಯಿರಿ.

ಮುಂಬೈ ಕೇಳುಗರಿಗೆ ಒಂದು ವಿಶೇಷ. 1956ರವರೆಗೆ ಇಲ್ಲಿ ಹೊಳೆಯ ಒಂದು ದಡ ಮೈಸೂರು, ಇನ್ನೊಂದು ದಡ ಮುಂಬೈ! ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಅದಕ್ಕೇ ಆ ದಡದ ಪ್ರವಾಸಿ ಬಂಗಲೆಗೆ ಬಾಂಬೆ ಬಂಗಲೆ ಎಂಬ ಹೆಸರು. ಸಾಗರದ ಕಡೆಯ ದಡದಿಂದ ಜಲಪಾತ ಎದುರಿಗೆ ಕಂಡರೆ, ಈ ಕಡೆಯಿಂದ ಮೇಲಿನಿಂದ ಬಗ್ಗಿ ನೋಡಿದಂತೆ. ಬಹಳ ಜನ ಒಂದೇ ದಡ ನೋಡಿ ವಾಪಸಾಗುತ್ತಾರೆ. ಅಷ್ಟು ದೂರದಿಂದ ಬಂದವರು ಎರಡನ್ನೂ ನೋಡಿ.

ಚೆನ್ನೈ ಕಡೆಯವರಿಗೆ ಬೆಂಗಳೂರಿನಿಂದ ತಾಳಗುಪ್ಪದ ರೈಲು ಅನುಕೂಲ. ಅಲ್ಲಿಂದ ಜೋಗ ಹತ್ತಿರ. ಕೊಂಕಣ ರೈಲಿನಲ್ಲಿ ಹೊನ್ನಾವರಕ್ಕೆ ಬಂದು ಗೇರುಸೊಪ್ಪೆ ಘಟ್ಟ ಹತ್ತುವ ದಾರಿ ಬಲು ಚಂದ, ಆದರೆ ಜೋರು ಮಳೆಯಲ್ಲಿ ಗುಡ್ಡ ಕುಸಿದು ರಸ್ತೆ ನಿಂತದ್ದುಂಟು; ವಿಚಾರಿಸಿಕೊಂಡು ಹೊರಡಿ. ಜಲಪಾತದ ಬುಡಕ್ಕಿಳಿಯುವ ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳ ದಾರಿಯನ್ನು ಮಳೆಗಾಲದಲ್ಲಿ ಮುಚ್ಚುವುದುಂಟು. ಅಮ್ಮನ ಮೊಣಕಾಲಿಗೆ ಅದೇ ಕ್ಷೇಮ.