ಕಿಟ್ ಜೊತೆ ಬರೋ ಆ ಒಂದು ಹಾಳೆ

ಹೋದ ವರ್ಷ ನಾನು ಫಸ್ಟ್ ಇಯರ್‌ನಲ್ಲಿದ್ದಾಗ ಸೀನಿಯರ್ಸ್ ಒಂದು ಸೋಲ್ಡರಿಂಗ್ ವರ್ಕ್‌ಶಾಪ್ ಮಾಡಿದ್ರು. ಎಲ್ಲರಿಗೂ ಒಂದೊಂದು ಚಿಕ್ಕ ಕಿಟ್ ಕೊಟ್ರು: ಎರಡು ಟ್ರಾನ್ಸಿಸ್ಟರ್, ಎರಡು ಕೆಪಾಸಿಟರ್, ನಾಲ್ಕು ರೆಸಿಸ್ಟರ್, ಎರಡು ಎಲ್‌ಇಡಿ. ಜೋಡಿಸಿ 5 ವೋಲ್ಟ್ ಕೊಟ್ರೆ ಎಲ್‌ಇಡಿಗಳು ಒಂದಾದ ಮೇಲೊಂದು ಮಿನುಗಬೇಕು. ಅಷ್ಟೇ. ನನ್ನದು ಮಿನುಗಲಿಲ್ಲ. ಎರಡೂ ಎಲ್‌ಇಡಿ ಮಂಕಾಗಿ, ಸುಮ್ಮನೆ ಹತ್ತಿಕೊಂಡು ಕೂತಿದ್ವು.

ಪಕ್ಕದಲ್ಲಿದ್ದ ನನ್ನ ಕ್ಲಾಸ್‌ಮೇಟ್‌ದೂ ಹಾಗೇ. ಒಬ್ಬ ಸೀನಿಯರ್ ಬಂದು ಎಲ್ಲಾ ಜಾಯಿಂಟ್‌ಗಳನ್ನೂ ಮತ್ತೊಮ್ಮೆ ಬಿಸಿ ಮಾಡಿ ನೋಡಿದ್ರು, ಏನೂ ಆಗಲಿಲ್ಲ. ಅವಳು ಕಿಟ್ ಬ್ಯಾಗಿಗೆ ಹಾಕ್ಕೊಂಡು, "ನಂಗೆ ಈ ಕೈಕೆಲಸ ಎಲ್ಲಾ ಆಗಲ್ಲ ಕಣೋ, ಸುಮ್ನೆ ಸಿಎಸ್ ತಗೋಬೇಕಿತ್ತು" ಅಂದಳು. ಆಮೇಲೆ ಕ್ಲಬ್ ಕಡೆ ಬರಲೇ ಇಲ್ಲ.

ತಪ್ಪು ಅವಳದಾಗಿರಲಿಲ್ಲ. ಇದು ನನಗೆ ಗೊತ್ತಾಗಿದ್ದು ಥರ್ಡ್ ಸೆಮ್‌ನಲ್ಲಿ, ಹಳೇ ಡಬ್ಬಿಯಿಂದ ಆ ಬೋರ್ಡ್ ತೆಗೆದು ನೋಡಿದಾಗ. ಕಿಟ್ ಜೊತೆ ಬಂದಿದ್ದ ಹಾಳೆಯಲ್ಲಿ ಬರೆದಿದ್ದ ಟ್ರಾನ್ಸಿಸ್ಟರ್ 2ಎನ್3904. ಪ್ಯಾಕೆಟ್‌ನಲ್ಲಿ ಇದ್ದಿದ್ದು ಬಿಸಿ547. ಎರಡೂ ಎನ್‌ಪಿಎನ್, ಎರಡೂ ಅದೇ ಕಪ್ಪು ಅರ್ಧಚಂದ್ರದ ಆಕಾರ. ಆದರೆ ಚಪ್ಪಟೆ ಮುಖ ನಮ್ಮ ಕಡೆ ಇಟ್ಟು, ಕಾಲುಗಳನ್ನ ಕೆಳಗೆ ಮಾಡಿ ನೋಡಿದ್ರೆ, 2ಎನ್3904ರಲ್ಲಿ ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್. ಬಿಸಿ547ರಲ್ಲಿ ಕಲೆಕ್ಟರ್, ಬೇಸ್, ಎಮಿಟರ್. ಪೂರ್ತಿ ಉಲ್ಟಾ. ಬೋರ್ಡ್ ಮೇಲಿನ ಗುರುತಿಗೆ ಸರಿಯಾಗಿ ಕೂರಿಸಿದವರೆಲ್ಲರ ಟ್ರಾನ್ಸಿಸ್ಟರೂ ತಿರುಗುಮುರುಗಾಗಿತ್ತು. ಎಮಿಟರ್ ಕಲೆಕ್ಟರ್ ಅದಲು ಬದಲಾದ್ರೂ ಟ್ರಾನ್ಸಿಸ್ಟರ್ ಸಾಯಲ್ಲ, ಆದರೆ ಗೇನ್ ನೂರಾರು ಇರಬೇಕಾದದ್ದು ಒಂದಂಕಿಗೆ ಇಳಿಯಬಹುದು. ಅದಕ್ಕೇ ಮಂಕು ಬೆಳಕು, ಅದಕ್ಕೇ ಆಸಿಲೇಷನ್ ಇಲ್ಲ. ಬೇರೆ ಬಿಸಿ547 ತಂದು ಉಲ್ಟಾ ಕೂರಿಸಿದೆ, ಟಕ್ ಅಂತ ಮಿನುಗೋಕೆ ಶುರುವಾಯ್ತು. (ಡೌಟ್ ಇದ್ರೆ ಅಗ್ಗದ ಮಲ್ಟಿಮೀಟರ್‌ನಲ್ಲೂ ಇರೋ ಎಚ್‌ಎಫ್‌ಇ ಸಾಕೆಟ್‌ಗೆ ಹಾಕಿ ನೋಡಿ. ಸರಿಯಾಗಿ ಹಾಕಿದಾಗ ನೂರರ ಮೇಲೆ ತೋರಿಸುತ್ತೆ, ಉಲ್ಟಾ ಹಾಕಿದ್ರೆ ತೀರಾ ಕಮ್ಮಿ.)

ಈಗ ಆ ಹಾಳೆ ನೋಡಿದ್ರೆ ನಗು ಬರುತ್ತೆ. ಒಂದು ಸರ್ಕ್ಯೂಟ್ ಡಯಾಗ್ರಂ, ಒಂದು ಪಾರ್ಟ್ಸ್ ಲಿಸ್ಟ್, ಕೆಳಗೆ ಬಿಡಿಭಾಗಗಳನ್ನ 'ವೆಲ್ಡಿಂಗ್' ಮಾಡಿ ಅಂತ ಒಂದು ಸಾಲು. ಚೀನೀ ಭಾಷೆಯಲ್ಲಿ ವೆಲ್ಡಿಂಗ್‌ಗೂ ಸೋಲ್ಡರಿಂಗ್‌ಗೂ ಒಂದೇ ಪದ ಬಳಸ್ತಾರೆ, ಅದು ಇಂಗ್ಲಿಷಿಗೆ ಬರುವಾಗ ಹೀಗಾಗುತ್ತೆ. ಹಾಗಂತ ಜಾಸ್ತಿ ನಗೋ ಹಾಗಿಲ್ಲ, ನಮ್ಮಲ್ಲೂ ಎರಡಕ್ಕೂ 'ಬೆಸುಗೆ' ಅಂತಾನೇ ಹೇಳ್ತೀವಿ. ಭಾಷೆಯ ತಪ್ಪನ್ನ ನಾವು ಹೇಗೋ ಅರ್ಥ ಮಾಡ್ಕೋತೀವಿ. ನಿಜವಾದ ತೊಂದರೆ ಅಂದ್ರೆ, ಆ ಹಾಳೆ ಬರೆದವರು ಎಲ್ಲವೂ ಸರಿಯಾಗೇ ಆಗುತ್ತೆ ಅಂದುಕೊಂಡು ಬರೆದಿರ್ತಾರೆ. ಮಧ್ಯದಲ್ಲಿ ನಾನು ಸರಿಯಾಗಿ ಮಾಡ್ತಿದ್ದೀನಾ ಅಂತ ನೋಡ್ಕೊಳ್ಳೋಕೆ ಅದರಲ್ಲಿ ಏನೂ ಇರಲ್ಲ. ಆಗಲಿಲ್ಲ ಅಂದ್ರೆ ಮುಂದೇನು ಅನ್ನೋದಂತೂ ಇಲ್ಲವೇ ಇಲ್ಲ.

ಇದನ್ನ ಬಹಳ ಹಿಂದೆಯೇ ಚೆನ್ನಾಗಿ ಮಾಡಿದವರು ಇದ್ದಾರೆ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಬೆಂಟನ್ ಹಾರ್ಬರ್ ಅನ್ನೋ ಊರಿನ ಹೀತ್ ಕಂಪನಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯಲ್ಲಿ ಉಳಿದಿದ್ದ ಎಲೆಕ್ಟ್ರಾನಿಕ್ಸ್ ಭಾಗಗಳನ್ನ ಕೊಂಡು, 1947ರಲ್ಲಿ ಒಂದು ಆಸಿಲೋಸ್ಕೋಪ್ ಕಿಟ್ ಮಾರಿದ್ರು. ಯೋಚಿಸಿ, ಆಸಿಲೋಸ್ಕೋಪ್! ಜನ ಮನೆಯಲ್ಲಿ ಕೂತು ಅದನ್ನ ಜೋಡಿಸ್ತಿದ್ರು. ಆಮೇಲೆ ರೇಡಿಯೋ, ಕಲರ್ ಟಿವಿ, ಕಂಪ್ಯೂಟರ್‌ವರೆಗೂ ಹೀತ್‌ಕಿಟ್ ಬಂತು. 1992ರಲ್ಲಿ ಕಿಟ್ ಮಾರೋದು ನಿಲ್ಲಿಸಿದ್ರು.

ಅವರ ಹಳೇ ಮ್ಯಾನುಯಲ್‌ಗಳ ಸ್ಕ್ಯಾನ್ ಸಿಗುತ್ತೆ, ಒಂದೆರಡು ಓದಿ ನೋಡಿ. ಪ್ರತಿ ಸ್ಟೆಪ್ ಮುಂದೆ ಟಿಕ್ ಹಾಕೋಕೆ ಖಾಲಿ ಜಾಗ. ಮೊದಲು ಪಾರ್ಟ್ಸ್ ಎಲ್ಲಾ ಬಂದಿದ್ಯಾ ಅಂತ ಟಿಕ್, ಆಮೇಲೆ ಒಂದೊಂದು ವೈರ್‌ಗೂ ಟಿಕ್. ಟ್ರಾನ್ಸಿಸ್ಟರ್‌ಗಳಿಗೆ ಯಾವ ಕಾಲು ಯಾವುದು ಅಂತ ಗುರುತಿಸೋ ಬೇರೆ ಚಾರ್ಟ್. ನನಗೆ ತುಂಬಾ ಇಷ್ಟವಾದದ್ದು ಒಂದು ಚಿಕ್ಕ ಗುರುತು. ಒಂದು ವೈರನ್ನ ಒಂದು ಟರ್ಮಿನಲ್‌ಗೆ ಸಿಕ್ಕಿಸಿ ಅಂತ ಹೇಳಿ, ಪಕ್ಕದಲ್ಲಿ 'ಎನ್‌ಎಸ್' ಅಂತ ಬರೆದಿದ್ರೆ ಈಗಲೇ ಬೆಸುಗೆ ಹಾಕಬೇಡಿ, ಇನ್ನೂ ವೈರ್ ಬರೋದಿದೆ ಅಂತ ಅರ್ಥ. 'ಎಸ್-2' ಅಂತಿದ್ರೆ ಬೆಸುಗೆ ಹಾಕಿ, ಈ ಹೊತ್ತಿಗೆ ಅಲ್ಲಿ ಎರಡು ವೈರ್ ಇರಬೇಕು ಅಂತ. ಒಂದೇ ಕಾಣ್ತಿದೆ ಅಂದ್ರೆ ಹಿಂದೆ ಎಲ್ಲೋ ಒಂದು ಸ್ಟೆಪ್ ಬಿಟ್ಟಿದ್ದೀರಿ. ಬರೀ ಒಂದು ಅಂಕಿ, ಆದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತೆ.

ಕೊನೆಗೆ ಕಷ್ಟ ಬಂದ್ರೆ ಏನು ಮಾಡಬೇಕು ಅಂತ ಒಂದು ಭಾಗ. ರಿಪೇರಿಗೆ ವಾಪಸ್ ಬರೋ ಕಿಟ್‌ಗಳಲ್ಲಿ ಬಹುಪಾಲು ಬೆಸುಗೆ ತಪ್ಪಿನಿಂದಲೇ ಕೆಟ್ಟಿರ್ತವೆ ಅಂತ ಅಲ್ಲಿ ನೇರವಾಗಿ ಹೇಳಿರ್ತಾರೆ. ನಿಮ್ಮ ಕೆಲಸವನ್ನ ಒಬ್ಬ ಫ್ರೆಂಡ್ ಹತ್ರ ಚೆಕ್ ಮಾಡಿಸಿ, ನಿಮಗೆ ಕಾಣದ ತಪ್ಪು ಅವರಿಗೆ ಕಾಣುತ್ತೆ ಅಂತಾನೂ ಇದೆ. ಯಾವ ಪಾಯಿಂಟ್‌ನಲ್ಲಿ ಎಷ್ಟು ವೋಲ್ಟ್ ಸಿಗಬೇಕು ಅಂತಾನೂ ಕೊಟ್ಟಿರ್ತಾರೆ.

ಈ ಸಲ ವರ್ಕ್‌ಶಾಪ್‌ಗೆ ಹಾಳೆ ಬರೆಯೋ ಕೆಲಸ ನನಗೆ ಬಂದಿದೆ. ಅದೇ ಕಿಟ್. ಸುಲಭ ಅಂದುಕೊಂಡಿದ್ದೆ. ಬರೆದು ಮೆಕ್ಯಾನಿಕಲ್‌ನ ನನ್ನ ರೂಮ್‌ಮೇಟ್ ಕೈಗೆ ಕೊಟ್ಟು, ಬಾಯಿ ಮುಚ್ಕೊಂಡು ಪಕ್ಕದಲ್ಲಿ ಕೂತೆ. ಮೂರನೇ ಸ್ಟೆಪ್‌ನಲ್ಲಿ "ಬೋರ್ಡ್ ತಿರುಗಿಸಿ ಬೆಸುಗೆ ಹಾಕಿ" ಅಂತ ಬರೆದಿದ್ದೆ. ಅವನು ತಿರುಗಿಸಿದ, ಬೆಸುಗೆ ಹಾಕಿದ, ಮತ್ತೆ ಈ ಕಡೆ ತಿರುಗಿಸಲೇ ಇಲ್ಲ. ಕೆಪಾಸಿಟರ್‌ಗಳೆಲ್ಲಾ ಹಿಂದಿನ ಕಡೆ ಕೂತ್ವು. "ಮಗಾ, ವಾಪಸ್ ತಿರುಗಿಸು ಅಂತ ನೀನು ಎಲ್ಲಿ ಬರ್ದಿದ್ದೀಯ?" ಅಂದ. ಬರೆದಿರಲಿಲ್ಲ.

ಈಗ ಆ ಹಾಳೆ ನಾಲ್ಕು ಪುಟ ಆಗಿದೆ. ಟ್ರಾನ್ಸಿಸ್ಟರ್ ಸ್ಟೆಪ್‌ನಲ್ಲಿ ಮೊದಲು ಮೇಲಿರೋ ನಂಬರ್ ಓದಿ, 547 ಅಂತಿದ್ರೆ ಚಿತ್ರ ಒಂದು, 3904 ಅಂತಿದ್ರೆ ಚಿತ್ರ ಎರಡು ಅಂತ ಹಾಕಿದ್ದೀನಿ. ಕೊನೆಯಲ್ಲಿ ಏನು ಕಾಣಬೇಕು ಅನ್ನೋದೂ ಇದೆ. ಬೇಸ್‌ನ ರೆಸಿಸ್ಟರ್ 47 ಕಿಲೋಓಮ್, ಕೆಪಾಸಿಟರ್ 10 ಮೈಕ್ರೋಫ್ಯಾರಡ್, ಎರಡನ್ನೂ ಗುಣಿಸಿ 0.69ರಿಂದ ಗುಣಿಸಿದ್ರೆ ಸುಮಾರು 0.32 ಸೆಕೆಂಡ್, ಒಂದೊಂದು ಎಲ್‌ಇಡಿ ಹೆಚ್ಚುಕಡಿಮೆ ಅಷ್ಟು ಹೊತ್ತು ಹತ್ತಬೇಕು. ಎರಡೂ ಮಂಕಾಗಿ ಹತ್ತಿಕೊಂಡೇ ಇದ್ರೆ ಮೊದಲು ಟ್ರಾನ್ಸಿಸ್ಟರ್ ದಿಕ್ಕು ನೋಡಿ.

ಹಳೇ ಕ್ಲಾಸ್‌ಮೇಟ್‌ಗೆ ಮೆಸೇಜ್ ಮಾಡಿ, ಅವಳ ಬೋರ್ಡ್ ಇನ್ನೂ ಇದ್ರೆ ತಗೊಂಡು ಬಾ, ಎರಡು ಬಿಸಿ547 ಎತ್ತಿಟ್ಟಿದ್ದೀನಿ ಅಂದೆ. ಬ್ಯಾಗಲ್ಲೇ ಇದ್ಯಂತೆ. ವರ್ಕ್‌ಶಾಪ್‌ಗೆ ಮುಂಚೆ ಹಾಳೆಯನ್ನ ಇನ್ನೊಂದು ಸಲ ಪರೀಕ್ಷೆ ಮಾಡಬೇಕು. ಯಾವತ್ತೂ ಸೋಲ್ಡರಿಂಗ್ ಐರನ್ ಮುಟ್ಟದೇ ಇರೋ ಇಬ್ಬರು ಬೇಕು, ಸಿವಿಲ್‌ನವರಾದ್ರೆ ಇನ್ನೂ ಒಳ್ಳೇದು. ಟೀ ನನ್ನ ಲೆಕ್ಕ.