ಒಂದೇ ದೇಹ, ಎರಡು ರೋಗ: ಕ್ಷಯ ಮತ್ತು ಎಚ್‌ಐವಿಗೆ ಒಟ್ಟಾಗಿ ಆರೈಕೆ



ಉಡುಪಿ ಜಿಲ್ಲೆಯ ಉತ್ತರದ ತುದಿಯಲ್ಲಿ ಶಿರೂರು ಇದೆ. ಅದನ್ನು ದಾಟಿದರೆ ಭಟ್ಕಳ. ಉಡುಪಿಯ ಜಿಲ್ಲಾ ಆಸ್ಪತ್ರೆಗೆ ಅಲ್ಲಿಂದ ಸುಮಾರು 75 ಕಿಲೋಮೀಟರ್ ದಾರಿ. ಮನೆಯಲ್ಲಿ ಯಾರಿಗಾದರೂ ಕೆಮ್ಮು ಬಂದರೆ ಮೊದಲು ಕಷಾಯ, ಮತ್ತೆ ಮೆಡಿಕಲ್ ಅಂಗಡಿಯ ಸಿರಪ್, ಕೊನೆಗೆ ಆಸ್ಪತ್ರೆ. ಮುಂಬಯಿ, ಗೋವಾಗಳಲ್ಲಿ ದುಡಿದು ಊರಿಗೆ ಬಂದವರು, ಕಡಲಿಗೆ ಹೋಗುವವರು ಕೆಮ್ಮು ಜ್ವರವನ್ನು ದುಡಿಮೆಯ ಆಯಾಸವೆಂದೇ ತಿಳಿಯುತ್ತಾರೆ. ಅವರಲ್ಲಿ ಯಾರಿಗಾದರೂ ಎಚ್‌ಐವಿ ಸೋಂಕೂ ಇದ್ದರೆ ಈ ವಿಳಂಬ ಪ್ರಾಣಕ್ಕೇ ಅಪಾಯ. ಆದ್ದರಿಂದ ಈ ವಿಷಯವನ್ನು ಪ್ರತಿಯೊಂದು ಧರ್ಮಕೇಂದ್ರವೂ ಅರಿತಿರಬೇಕು.

ಎರಡು ರೋಗಗಳ ನಂಟು

ಕ್ಷಯದ ರೋಗಾಣು ದೇಹವನ್ನು ಸೇರಿದ ಮಾತ್ರಕ್ಕೆ ಕಾಯಿಲೆ ಬರುವುದಿಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15 ವರ್ಷ ಮೀರಿದವರ ಪೈಕಿ ನೂರರಲ್ಲಿ ಸುಮಾರು 31 ಮಂದಿಯ ದೇಹದಲ್ಲಿ ಈ ಸೋಂಕು ಇದೆ. ರೋಗನಿರೋಧಕ ಶಕ್ತಿ ಚೆನ್ನಾಗಿದ್ದರೆ ರೋಗಾಣು ಸುಪ್ತವಾಗಿಯೇ ಇರುತ್ತದೆ. ಇಂಥವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಮಾತ್ರ ಜೀವಮಾನದಲ್ಲಿ ಎಂದಾದರೂ ಕ್ಷಯ ತಲೆದೋರುತ್ತದೆ. ಎಚ್‌ಐವಿ ಈ ಶಕ್ತಿಯನ್ನೇ ಕುಂದಿಸುವುದರಿಂದ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ಎಚ್‌ಐವಿ ಸೋಂಕಿತರ ಸಾವಿಗೆ ಜಗತ್ತಿನಾದ್ಯಂತ ಕ್ಷಯವೇ ಪ್ರಮುಖ ಕಾರಣ.

ಇಂಥವರಲ್ಲಿ ಕ್ಷಯವನ್ನು ಪತ್ತೆಹಚ್ಚುವುದೂ ಸುಲಭವಲ್ಲ. ಕಫದಲ್ಲಿ ರೋಗಾಣು ಕಡಿಮೆ ಇರಬಹುದು, ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. ಆದ್ದರಿಂದ ಸೂಕ್ಷ್ಮದರ್ಶಕದ ಪರೀಕ್ಷೆಯೊಂದನ್ನೇ ನೆಚ್ಚದೆ ಸಿಬಿನ್ಯಾಟ್‌ನಂಥ ಪರೀಕ್ಷೆ ಮಾಡುತ್ತಾರೆ. ಎಲ್ಲರಿಗೂ ಎರಡು ವಾರ ಮೀರಿದ ಕೆಮ್ಮು ಎಚ್ಚರಿಕೆಯ ಗಂಟೆ. ಎಚ್‌ಐವಿ ಇದ್ದವರಾದರೋ ಎರಡು ವಾರ ಕಾಯಬಾರದು. ಕೆಮ್ಮು, ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು, ಇವುಗಳಲ್ಲಿ ಒಂದು ಕಂಡರೂ ಕೂಡಲೇ ಪರೀಕ್ಷೆ ಮಾಡಿಸಬೇಕು.

ಒಟ್ಟಾಗಿ ಚಿಕಿತ್ಸೆ ಏಕೆ?

ಹಿಂದೆ ಇವೆರಡಕ್ಕೂ ಸರಕಾರದಲ್ಲಿ ಬೇರೆ ಬೇರೆ ಬಾಗಿಲು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ 1992ರಲ್ಲಿ ಆರಂಭವಾಯಿತು, ಪರಿಷ್ಕೃತ ಕ್ಷಯ ನಿಯಂತ್ರಣ ಕಾರ್ಯಕ್ರಮ 1997ರಲ್ಲಿ ಬಂತು. 2001ರಲ್ಲಿ ಎಚ್‌ಐವಿ ಹೆಚ್ಚಾಗಿದ್ದ ಆರು ರಾಜ್ಯಗಳಲ್ಲಿ ಎರಡೂ ಕೈಜೋಡಿಸಿದವು. ಆ ಆರರಲ್ಲಿ ಕರ್ನಾಟಕವೂ ಒಂದು. 2004ರಲ್ಲಿ ಎಚ್‌ಐವಿಯ ಎಆರ್‌ಟಿ ಔಷಧ ಉಚಿತವಾಗಿ ಸಿಗತೊಡಗಿತು. ಇಂದು ಕ್ಷಯ ರೋಗಿಗಳಿಗೆಲ್ಲ ಎಚ್‌ಐವಿ ಪರೀಕ್ಷೆ, ಎಆರ್‌ಟಿ ಕೇಂದ್ರಕ್ಕೆ ಬರುವವರಿಗೆಲ್ಲ ಪ್ರತಿ ಭೇಟಿಯಲ್ಲೂ ಕ್ಷಯದ ಲಕ್ಷಣಗಳ ವಿಚಾರಣೆ ಎಂಬುದೇ ನಿಯಮ. ಎರಡೂ ಇರುವವರಿಗೆ ಎಆರ್‌ಟಿ ಕೇಂದ್ರದಲ್ಲೇ ಎರಡರ ಔಷಧವನ್ನೂ ಕೊಡುವ ವ್ಯವಸ್ಥೆಯಿದೆ.

ಮೊದಲು ಕ್ಷಯದ ಔಷಧ ಆರಂಭಿಸುತ್ತಾರೆ. ಎಆರ್‌ಟಿ ಇನ್ನೂ ಶುರುವಾಗಿರದಿದ್ದರೆ ಸಾಮಾನ್ಯವಾಗಿ ಎರಡು ವಾರಗಳೊಳಗೆ ಅದನ್ನೂ ಸೇರಿಸುತ್ತಾರೆ. ಮಿದುಳಿನ ಪೊರೆಗೆ ಕ್ಷಯ ತಗಲಿದ್ದರೆ ಮಾತ್ರ ಇನ್ನೂ ಸ್ವಲ್ಪ ಕಾಯುತ್ತಾರೆ.

ಇಲ್ಲಿ ಮುಖ್ಯವಾದ ಒಂದು ಸಂಗತಿಯಿದೆ. ಕ್ಷಯದ ಪ್ರಧಾನ ಔಷಧವಾದ ರಿಫಾಂಪಿಸಿನ್, ಎಚ್‌ಐವಿಯ ಈಗಿನ ಪ್ರಧಾನ ಔಷಧವಾದ ಡೊಲುಟೆಗ್ರಾವಿರ್‌ನ ಪ್ರಮಾಣವನ್ನು ರಕ್ತದಲ್ಲಿ ತಗ್ಗಿಸುತ್ತದೆ. ಇದನ್ನು ಸರಿದೂಗಿಸಲು ವೈದ್ಯರು ಡೊಲುಟೆಗ್ರಾವಿರ್ ಮಾತ್ರೆಯನ್ನು ದಿನಕ್ಕೆ ಇನ್ನೊಂದು ಸಲ ಕೊಡುತ್ತಾರೆ. ನಾಚಿಕೆಯಿಂದ ರೋಗಿ ಒಂದು ಕಾಯಿಲೆಯನ್ನು ಮುಚ್ಚಿಟ್ಟು ಇನ್ನೊಂದಕ್ಕೆ ಮಾತ್ರ ಮದ್ದು ತೆಗೆದುಕೊಂಡರೆ ವೈದ್ಯರಿಗೆ ಇದು ತಿಳಿಯುವುದೇ ಇಲ್ಲ. ಎಚ್‌ಐವಿಯ ಔಷಧ ಸೋಲಬಹುದು. ವೈದ್ಯರ ಮುಂದೆ ಮುಚ್ಚಿಟ್ಟ ಮಾತಿನಿಂದ ಹೀಗೆ ಪ್ರಾಣಕ್ಕೇ ಕುತ್ತು ಬರುತ್ತದೆ.

ತಡೆಯುವ ದಾರಿ

ಎಚ್‌ಐವಿ ಇದ್ದು ಕ್ಷಯ ಇಲ್ಲವೆಂದು ಖಚಿತವಾದವರಿಗೆ ಕ್ಷಯ ಬಾರದಂತೆ ತಡೆಯುವ ಮಾತ್ರೆಗಳಿವೆ. ದಿನವೂ ಆರು ತಿಂಗಳು ತೆಗೆದುಕೊಳ್ಳುವ ಕ್ರಮವಿದೆ, ವಾರಕ್ಕೊಮ್ಮೆಯಂತೆ ಮೂರು ತಿಂಗಳ ಕ್ರಮವೂ ಇದೆ. ಎಆರ್‌ಟಿಯನ್ನು ತಪ್ಪದೆ ಸೇವಿಸುವುದೂ ಕ್ಷಯದಿಂದ ದೊಡ್ಡ ರಕ್ಷಣೆ. ಕ್ಷಯ ಗಾಳಿಯ ಮೂಲಕ ಹರಡುವುದರಿಂದ ಮನೆಯ ಕಿಟಕಿ ತೆರೆದಿಡಬೇಕು, ಕೆಮ್ಮುವಾಗ ಬಾಯಿ ಮುಚ್ಚಿಕೊಳ್ಳಬೇಕು. ತಟ್ಟೆ ಲೋಟದಿಂದ, ಕೈಕುಲುಕುವುದರಿಂದ ಇವೆರಡೂ ಹರಡುವುದಿಲ್ಲ. ಬಲಿಪೂಜೆಯಲ್ಲಿ ಪಕ್ಕದಲ್ಲಿ ಕುಳಿತವರಿಂದ ಎಚ್‌ಐವಿ ಬರುವುದಿಲ್ಲ. ಸರಿಯಾದ ಚಿಕಿತ್ಸೆ ಆರಂಭವಾದ ಕೆಲವು ವಾರಗಳಲ್ಲಿ ಹೆಚ್ಚಿನ ಕ್ಷಯ ರೋಗಿಗಳಿಂದಲೂ ರೋಗ ಹರಡುವುದು ನಿಲ್ಲುತ್ತದೆ.

ನಾವೇನು ಮಾಡಬಹುದು?

ಗುರ್ಕಾರರೂ ಧರ್ಮಭಗಿನಿಯರೂ ಮನೆಗಳನ್ನು ಭೇಟಿಮಾಡುವಾಗ ದೀರ್ಘ ಕೆಮ್ಮು ಇರುವವರನ್ನು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಲು ಪ್ರೋತ್ಸಾಹಿಸಲಿ. ಅಗತ್ಯವಿದ್ದರೆ ಜೊತೆಗೂ ಹೋಗಲಿ. ಸರಕಾರಿ ಕೇಂದ್ರಗಳಲ್ಲಿ ಎರಡರ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ. ಕ್ಷಯ ರೋಗಿಗಳಿಗೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಪೌಷ್ಟಿಕ ಆಹಾರಕ್ಕಾಗಿ ಸಿಗುತ್ತಿದ್ದ ತಿಂಗಳಿಗೆ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1,000 ರೂಪಾಯಿಗೆ ಏರಿಸಲಾಗಿದೆ. ಕೆಲಸಕ್ಕೆ ಪರವೂರಿಗೆ ಹೊರಟವರು ಮೊದಲೇ ಕೇಂದ್ರಕ್ಕೆ ತಿಳಿಸಿದರೆ ಚಿಕಿತ್ಸೆಯನ್ನು ಆ ಊರಿಗೆ ವರ್ಗಾಯಿಸಿಕೊಡುತ್ತಾರೆ. ಮಾತ್ರೆ ನಡುವೆ ನಿಲ್ಲಬಾರದು, ನಿಂತರೆ ಔಷಧಕ್ಕೆ ಬಗ್ಗದ ಕ್ಷಯಕ್ಕೆ ದಾರಿಯಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ತಿಳಿದದ್ದನ್ನು ನಮ್ಮಲ್ಲೇ ಇಟ್ಟುಕೊಳ್ಳೋಣ. ಒಬ್ಬರ ಎಚ್‌ಐವಿ ಸ್ಥಿತಿಯ ಗೋಪ್ಯತೆಯನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ ರಕ್ಷಿಸುತ್ತದೆ. ಅದು ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್‌ನಲ್ಲಿ. ಆದರೆ ಚಿಕ್ಕ ಊರಿನಲ್ಲಿ ಕಾಯಿದೆಗಿಂತ ಮೊದಲು ಬೇಕಾದದ್ದು ನೆರೆಹೊರೆಯವರ ನಾಲಿಗೆಯ ಸಂಯಮ. "ಪಾಪ, ಅವರಿಗಾಗಿ ಪ್ರಾರ್ಥಿಸಿ" ಎಂದು ಹೆಸರು ಹೇಳಿಬಿಡುವುದೂ ಗುಟ್ಟು ರಟ್ಟು ಮಾಡಿದಂತೆಯೇ. ಊರವರ ಮಾತಿಗೆ ಹೆದರಿದವರು ವೈದ್ಯರ ಮುಂದೆಯೂ ಬಾಯಿ ಬಿಡುವುದಿಲ್ಲ.

ನಮ್ಮ ಕರಾವಳಿಗೆ ಇಂಥ ಸೇವೆ ಹೊಸದಲ್ಲ. 1890ರಲ್ಲೇ ಫಾದರ್ ಅಗಸ್ಟಸ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗಾಗಿ ಆಸ್ಪತ್ರೆ ತೆರೆದರು. 2005ರಲ್ಲಿ ಭಾರತದ ಕಥೊಲಿಕ್ ಧರ್ಮಾಧ್ಯಕ್ಷರ ಮಂಡಳಿ ಎಚ್‌ಐವಿ/ಏಡ್ಸ್ ಕುರಿತ ನೀತಿಯನ್ನು ಪ್ರಕಟಿಸಿತು.

ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಪ್ರಭು ಯೇಸು ಕುಷ್ಠರೋಗಿಯನ್ನು ಮುಟ್ಟಿ ಗುಣಪಡಿಸುತ್ತಾರೆ. ಬಳಿಕ ಇದನ್ನು ಯಾರಿಗೂ ಹೇಳಬೇಡವೆಂದೂ, ಹೋಗಿ ಯಾಜಕನಿಗೆ ತೋರಿಸಿಕೊಳ್ಳಬೇಕೆಂದೂ ತಿಳಿಸುತ್ತಾರೆ. ಗುಣವಾಯಿತೆಂದು ಪರೀಕ್ಷಿಸಿ ಹೇಳುವ ಹೊಣೆ ಆ ಕಾಲದಲ್ಲಿ ಯಾಜಕರದಾಗಿತ್ತು. ಇಂದು ನಮ್ಮಿಂದ ಅಪೇಕ್ಷಿಸುವುದೂ ಈ ಮೂರನ್ನೇ. ರೋಗಿಯನ್ನು ದೂರ ಮಾಡದಿರೋಣ, ಅವರ ಗುಟ್ಟನ್ನು ಕಾಪಾಡೋಣ, ತೋರಿಸಬೇಕಾದವರಿಗೆ ತೋರಿಸಲು ಅವರೊಡನೆ ಹೆಜ್ಜೆ ಹಾಕೋಣ.