ಮೋಟಾರು ಕಾಯುವ ರಿಲೇ, ರಿಲೇ ಕಾಯುವ ಟರ್ಮಿನಲ್

ಫೆಬ್ರವರಿ-ಮಾರ್ಚ್ ತಿಂಗಳಲ್ಲಿ ರೊಬಸ್ಟಾ ತೋಟಕ್ಕೆ ಹೂವಿನ ನೀರು ಹಾಯಿಸಲು ಸ್ಪ್ರಿಂಕ್ಲರ್ ಪೈಪು ಜೋಡಿಸಿ, ಆಳುಗಳನ್ನು ಗೊತ್ತು ಮಾಡಿ, ಗುಂಡಿ ಒತ್ತುವ ಹೊತ್ತಿಗೆ ಮೋಟಾರು ಸುಡುವುದು ನಮ್ಮ ಬೆಳೆಗಾರರಿಗೆ ಹೊಸ ಸಂಗತಿಯಲ್ಲ. ಆ ತಿಂಗಳು ಎಲ್ಲರ ಮೋಟಾರೂ ಓಡುತ್ತಿರುತ್ತದೆ. ಆದ್ದರಿಂದ ರೀವೈಂಡಿಂಗ್ ಅಂಗಡಿಯಲ್ಲಿ ಸರದಿ ಕಾಯಬೇಕಾಗುತ್ತದೆ. ಮೊಗ್ಗು ಮಾತ್ರ ಸರದಿ ಕಾಯುವುದಿಲ್ಲ. ಹೂ ಅರಳಿದ ಮೇಲೆ ಬ್ಯಾಕಿಂಗ್ ನೀರು ತಡವಾದರೂ ಕಾಯಿ ಕಚ್ಚುವುದು ಕಡಿಮೆಯಾಗುತ್ತದೆ. ಅಡಿಕೆ ತೋಟದವರ ಪಾಡೂ ಇದೇ. ಏಪ್ರಿಲ್ ಬಿಸಿಲಿನಲ್ಲಿ ನೀರು ತಪ್ಪಿದರೆ ಹಿಂಗಾರಕ್ಕೆ ಪೆಟ್ಟು.

ಸುಟ್ಟ ಮೋಟಾರಿಗೆ ಸಂಬಂಧಿಸಿದ ಸ್ಟಾರ್ಟರ್ ಪೆಟ್ಟಿಗೆಯನ್ನು ತೆರೆದು ನೋಡಿದರೆ, ಮೋಟಾರನ್ನು ಕಾಯಬೇಕಾದ ರಿಲೇ ಅನೇಕ ಸಲ ಒಳಗೆ ಸುಸ್ಥಿತಿಯಲ್ಲಿಯೇ ಇರುತ್ತದೆ. ಕೆಟ್ಟಿರುವುದು ಅದಕ್ಕೆ ತಂತಿ ಬಂದು ಸೇರುವ ಜಾಗ, ಅಂದರೆ ಟರ್ಮಿನಲ್. ರಿಲೇಗೆ ಹಣ ಕೊಡುವ ನಾವು ಟರ್ಮಿನಲ್ಲಿನ ಕಡೆಗೆ ನೋಡುವುದೇ ಇಲ್ಲ. ಈ ಲೇಖನ ಆ ಸಣ್ಣ ಜಾಗದ ಬಗ್ಗೆ.

ರಿಲೇ ಮಾಡುವ ಕೆಲಸ

ಫ್ಯೂಸ್ ಇದೆಯಲ್ಲ, ರಿಲೇ ಯಾಕೆ ಎಂದು ಕೆಲವು ಸದಸ್ಯರು ಕೇಳುವುದುಂಟು. ಮೋಟಾರು ಹೊರಡುವಾಗ ತನ್ನ ಪೂರ್ಣ ಹೊರೆಯ ಕರೆಂಟಿನ ಸುಮಾರು ಆರು ಪಟ್ಟು ಎಳೆಯುತ್ತದೆ. ಅದನ್ನು ತಡೆದುಕೊಳ್ಳುವಷ್ಟು ದಪ್ಪದ ಫ್ಯೂಸನ್ನೇ ಹಾಕಬೇಕು. ಈಗ 5 ಅಶ್ವಶಕ್ತಿಯ ಮೋಟಾರು ಪೂರ್ಣ ಹೊರೆಯಲ್ಲಿ 7 ಆಂಪಿಯರ್ ಎಳೆಯುತ್ತಿದೆ ಎಂದುಕೊಳ್ಳೋಣ. ಎಲ್ಲೋ ಒಂದು ಫೇಸ್ ಹೋಯಿತು. ಓಡುತ್ತಿರುವ ಮೋಟಾರು ನಿಲ್ಲುವುದಿಲ್ಲ, ಉಳಿದ ಎರಡು ಫೇಸಿನಿಂದಲೇ ಕೆಲಸ ಮಾಡಲು ಹೆಣಗುತ್ತದೆ. ಆಗ ಆ ಎರಡು ತಂತಿಗಳಲ್ಲಿ ಕರೆಂಟು ಸುಮಾರು 1.73 ಪಟ್ಟು ಏರಿ 12 ಆಂಪಿಯರ್ ಆಗುತ್ತದೆ. 20 ಆಂಪಿಯರ್ ಫ್ಯೂಸಿಗೆ ಇದು ಲೆಕ್ಕಕ್ಕೇ ಇಲ್ಲ. ವೈಂಡಿಂಗ್ ಮಾತ್ರ ಬೇಯುತ್ತಿರುತ್ತದೆ.

ಇಲ್ಲಿ ಕೆಲಸಕ್ಕೆ ಬರುವುದು ಓವರ್‌ಲೋಡ್ ರಿಲೇ. ಅದರೊಳಗೆ ಎರಡು ಬಗೆಯ ಲೋಹಗಳನ್ನು ಬೆಸೆದು ಮಾಡಿದ ಪಟ್ಟಿಗಳಿರುತ್ತವೆ. ಕರೆಂಟು ಹೆಚ್ಚಾದರೆ ಪಟ್ಟಿ ಬಿಸಿಯಾಗುತ್ತದೆ. ಒಂದು ಲೋಹ ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುವುದರಿಂದ ಪಟ್ಟಿ ಬಾಗುತ್ತದೆ. ಬಾಗಿ ಒಂದು ಸಣ್ಣ ಸಂಪರ್ಕವನ್ನು ಬಿಡಿಸುತ್ತದೆ. ಈಗಿನ ರಿಲೇಗಳ ಮೇಲೆ ಆ ಸಂಪರ್ಕಕ್ಕೆ 95-96 ಎಂದು ಗುರುತಿರುತ್ತದೆ. ಮುಖ್ಯವಾಗಿ ತಿಳಿಯಬೇಕಾದ್ದು ಇಷ್ಟು: ರಿಲೇ ತಾನೇ ಮೋಟಾರಿನ ಕರೆಂಟನ್ನು ಕಡಿಯುವುದಿಲ್ಲ. ಅದು ಕಾಂಟ್ಯಾಕ್ಟರಿನ ಕಾಯಿಲ್‌ಗೆ ಹೋಗುವ ಸಣ್ಣ ತಂತಿಯನ್ನು ಕಡಿಯುತ್ತದೆ. ಕಾಯಿಲ್ ಕೈಬಿಟ್ಟಾಗ ಕಾಂಟ್ಯಾಕ್ಟರು ಮೋಟಾರನ್ನು ಬಿಡಿಸುತ್ತದೆ. ಹೀಗಾಗಿ ರಿಲೇಯಲ್ಲಿ ಎರಡು ಬಗೆಯ ಟರ್ಮಿನಲ್‌ಗಳಿವೆ. ಮೋಟಾರಿನ ಕರೆಂಟು ಹರಿಯುವ ದಪ್ಪ ಟರ್ಮಿನಲ್‌ಗಳು ಒಂದು, ಅಪ್ಪಣೆ ಹೋಗುವ ಸಣ್ಣ ಟರ್ಮಿನಲ್‌ಗಳು ಇನ್ನೊಂದು. ಎರಡರಲ್ಲಿ ಯಾವುದು ಸಡಿಲವಾದರೂ ಕಾವಲು ಕೆಟ್ಟಂತೆಯೇ.

ಸಡಿಲ ತಿರುಪಿನ ಬಿಸಿ

ತಿರುಪು ಬಿಗಿಯಾಗಿದ್ದಾಗ ಆ ಜೋಡಣೆಯ ತಡೆ ತೀರಾ ಅತ್ಯಲ್ಪ. ಸಡಿಲವಾಗಿ ಅದು ಒಂದು ಓಮ್‌ನ ಹತ್ತನೇ ಒಂದು ಭಾಗದಷ್ಟಾಯಿತು ಎನ್ನೋಣ. 10 ಆಂಪಿಯರ್ ಹರಿದರೆ ಅಲ್ಲಿ 10 ವಾಟ್ ಬಿಸಿ ಹುಟ್ಟುತ್ತದೆ. ಕಡಲೆ ಗಾತ್ರದ ಜಾಗದಲ್ಲಿ 10 ವಾಟ್ ಎಂದರೆ ಸಣ್ಣ ಮಾತಲ್ಲ. ಮೋಟಾರು ಹೊರಡುವಾಗಿನ 60 ಆಂಪಿಯರಿಗೆ ಅದೇ ಜಾಗದಲ್ಲಿ 360 ವಾಟ್! ಕರೆಂಟು ಆರು ಪಟ್ಟಾದರೆ ಬಿಸಿ ಮೂವತ್ತಾರು ಪಟ್ಟಾಗುತ್ತದೆ. ಬಿಸಿಗೆ ತಿರುಪು ಇನ್ನಷ್ಟು ಸಡಿಲವಾಗುತ್ತದೆ, ಸಡಿಲವಾದಷ್ಟೂ ಬಿಸಿ ಹೆಚ್ಚುತ್ತದೆ.

ಅಲ್ಯೂಮಿನಿಯಂ ತಂತಿಯಿದ್ದರೆ ಈ ತೊಂದರೆ ಬೇಗ ಬರುತ್ತದೆ. ಅಲ್ಯೂಮಿನಿಯಂ ಮೃದು; ತಿರುಪಿನ ಒತ್ತಡಕ್ಕೆ ನಿಧಾನವಾಗಿ ಜರುಗಿ ತೆಳ್ಳಗಾಗುತ್ತದೆ. ಬಿಸಿಗೆ ತಾಮ್ರಕ್ಕಿಂತ ಹೆಚ್ಚು ಹಿಗ್ಗುತ್ತದೆ. ಗಾಳಿ ತಾಗಿದೊಡನೆ ಅದರ ಮೈಮೇಲೆ ಕರೆಂಟು ಹರಿಯಗೊಡದ ತೆಳು ಪೊರೆ ಕಟ್ಟುತ್ತದೆ. ತಾಮ್ರದ ಜೊತೆ ನೇರವಾಗಿ ಸೇರಿಸಿದರೆ ಮಲೆನಾಡಿನ ಮಳೆಗಾಲದ ಥಂಡಿಗೆ ಆ ಸಂದು ತಿನ್ನಿಹೋಗುತ್ತದೆ. ಆದ್ದರಿಂದ ಪಂಪ್‌ಹೌಸಿಗೆ ಬರುವ ಅಲ್ಯೂಮಿನಿಯಂ ಕೇಬಲನ್ನು ತಾಮ್ರ-ಅಲ್ಯೂಮಿನಿಯಂ ಎರಡಕ್ಕೂ ಒಗ್ಗುವ ಬೈಮೆಟಲ್ ಲಗ್ ಹಾಕಿ ಮೇನ್ ಸ್ವಿಚ್ಚಿಗೆ ಮುಗಿಸಬೇಕು. ಅಲ್ಲಿಂದ ಸ್ಟಾರ್ಟರಿಗೆ ತಾಮ್ರದ ತಂತಿಯನ್ನೇ ತರುವುದು ಒಳ್ಳೆಯದು.

"ಡೈರೆಕ್ಟ್ ಮಾಡಿಬಿಡೋಣ"

ಬಿಸಿಯ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ರಿಲೇಯ ದಪ್ಪ ಟರ್ಮಿನಲ್ಲಿಗೂ ಒಳಗಿನ ಪಟ್ಟಿಗೂ ಇರುವ ದೂರ ಅತಿ ಕಡಿಮೆ. ಟರ್ಮಿನಲ್ಲಿನ ಬಿಸಿ ಪಟ್ಟಿಗೆ ಹರಿಯುತ್ತದೆ. ಮೋಟಾರಿನ ಕರೆಂಟು ಸರಿಯಾಗಿಯೇ ಇದ್ದರೂ ಪಟ್ಟಿ ಬಾಗಿ ಮೋಟಾರು ನಿಲ್ಲುತ್ತದೆ. ಗುಂಡಿ ಒತ್ತಿದರೆ ಓಡುತ್ತದೆ, ಅರ್ಧ ಗಂಟೆಗೆ ಮತ್ತೆ ನಿಲ್ಲುತ್ತದೆ.

ಆಗ ಬರುವ ಮಾತು ಎಲ್ಲರಿಗೂ ಪರಿಚಿತ: "ರಿಲೇ ವೀಕ್ ಆಗಿದೆ ಗೌಡ್ರೇ, ಸ್ವಲ್ಪ ಜಾಸ್ತಿ ಇಡ್ತೀನಿ. ಆಗ್ಲಿಲ್ಲ ಅಂದ್ರೆ ಡೈರೆಕ್ಟ್ ಮಾಡಿಬಿಡೋಣ." 7ರಲ್ಲಿದ್ದ ಮುಳ್ಳು 12ಕ್ಕೆ ಹೋಗುತ್ತದೆ. ಅಥವಾ 95-96ರ ನಡುವೆ ಒಂದು ತುಂಡು ತಂತಿ ಸೇರುತ್ತದೆ. ಅಂದಿನ ನೀರು ಹಾಯುತ್ತದೆ, ನಿಜ. ಆದರೆ ಮೇಲೆ ಹೇಳಿದ ಲೆಕ್ಕವನ್ನು ನೆನಪಿಸಿಕೊಳ್ಳಿ. ಒಂದು ಫೇಸ್ ಹೋದಾಗ ಬರುವ ಕರೆಂಟೂ 12 ಆಂಪಿಯರೇ. 7ಕ್ಕೆ ಇಟ್ಟಿದ್ದರೆ ರಿಲೇ ಕೆಲವೇ ನಿಮಿಷಗಳಲ್ಲಿ ಮೋಟಾರು ನಿಲ್ಲಿಸುತ್ತಿತ್ತು. 12ಕ್ಕೆ ಇಟ್ಟ ರಿಲೇ ಸುಮ್ಮನೆ ನೋಡುತ್ತಿರುತ್ತದೆ. ಅದೇ ಸಡಿಲ ತಿರುಪು ಕೊನೆಗೆ ಪೂರ್ತಿ ಸುಟ್ಟುಹೋದಾಗ ಫೇಸ್ ತಪ್ಪಿಸುವುದೂ ಅದೇ. ರೋಗವೂ ಅಲ್ಲೇ, ಔಷಧಿಯನ್ನು ಕೆಡಿಸಿದ್ದೂ ಅಲ್ಲೇ.

ಸಣ್ಣ ಟರ್ಮಿನಲ್ ಸಡಿಲವಾದರೆ ಇನ್ನೊಂದು ಬಗೆಯ ಕೇಡು. ಕಾಯಿಲ್‌ಗೆ ಕರೆಂಟು ಕಡಿದು ಕಡಿದು ಬಂದು ಕಾಂಟ್ಯಾಕ್ಟರು ಗರಗರ ಸದ್ದು ಮಾಡುತ್ತದೆ. ಪ್ರತಿ ಬಡಿತಕ್ಕೂ ಕಿಡಿ ಹಾರಿ ಅದರ ಬಿಂದುಗಳು ಕರಗಿ ಒಂದಕ್ಕೊಂದು ಅಂಟಿಕೊಳ್ಳಬಹುದು. ಅಂಟಿದ ಮೇಲೆ ರಿಲೇ ಎಷ್ಟು ಸರಿಯಾಗಿ ಅಪ್ಪಣೆ ಕೊಟ್ಟರೂ ಮೋಟಾರು ನಿಲ್ಲುವುದಿಲ್ಲ. ಗರಗರ ಸದ್ದು ಕೇಳಿದ ದಿನವೇ ಮೇನ್ ಆರಿಸಿ ನೋಡಿಸಬೇಕು.

ಬಿಡಿ ಟರ್ಮಿನಲ್‌ಗಳ ಉಪಯೋಗ

ಹಿಂದೆ ರಿಲೇ ಬದಲಿಸಬೇಕೆಂದರೆ ಎಲ್ಲಾ ತಂತಿಗಳನ್ನೂ ಬಿಚ್ಚಬೇಕಿತ್ತು. ಯಾವ ತಂತಿ ಎಲ್ಲಿಯದೆಂದು ಮರೆತರೆ ಫೇಸ್ ಅದಲುಬದಲಾಗಿ ಪಂಪು ಹಿಂದಕ್ಕೆ ತಿರುಗುತ್ತಿತ್ತು. ಈ ತೊಡಕನ್ನು ಕಳೆಯಲು ಬಂದದ್ದು ಒಂದೊಂದನ್ನೇ ಪಟ್ಟಿಯ ಮೇಲೆ ಸಾಲಾಗಿ ಸಿಕ್ಕಿಸುವ ಬಿಡಿ ಟರ್ಮಿನಲ್. ಜರ್ಮನಿಯ ಎಸೆನ್ ನಗರದಲ್ಲಿ 1928ರಲ್ಲಿ ಫೀನಿಕ್ಸ್ ಕಂಪನಿ ಅಲ್ಲಿನ ವಿದ್ಯುತ್ ಸಂಸ್ಥೆಯೊಂದರ ಜೊತೆ ಸೇರಿ ಇಂಥದ್ದನ್ನು ರೂಪಿಸಿತು. ಇಂದು 35 ಮಿಲಿಮೀಟರ್ ಅಗಲದ ಡಿನ್ ರೈಲು ಎಂಬ ಪಟ್ಟಿ ಸಣ್ಣ ಪೇಟೆಯ ಅಂಗಡಿಯಲ್ಲೂ ಸಿಗುತ್ತದೆ.

ನಮ್ಮ ಪೆಟ್ಟಿಗೆಗಳಿಗೆ ಅನ್ವಯಿಸುವುದು ಮೂರು ಬಗೆ. ಮೊದಲನೆಯದು, ಕಾಂಟ್ಯಾಕ್ಟರಿನ ಕೆಳಗೆ ನೇರವಾಗಿ ಕೊಕ್ಕೆ ಹಾಕುವ ರಿಲೇ. ಎರಡನೆಯದು, ತನ್ನದೇ ಪೀಠದೊಂದಿಗೆ ಬೇರೆಯಾಗಿ ರೈಲಿನ ಮೇಲೆ ಕೂರುವ ರಿಲೇ. ಮೂರನೆಯದು, ಪೀಠಕ್ಕೆ ಚುಚ್ಚಿ ಕೂರಿಸುವ ರಿಲೇ. ಕೆಲವು ಟೈಮರು, ಕೆಲವು ಸಿಂಗಲ್ ಫೇಸ್ ಪ್ರಿವೆಂಟರುಗಳು ಈ ಬಗೆಯವು. ತಂತಿಗಳೆಲ್ಲ ಪೀಠಕ್ಕೆ ಸೇರಿರುತ್ತವೆ. ರಿಲೇಗೆ 8 ಅಥವಾ 11 ಕಡ್ಡಿಗಳಿದ್ದು ನಡುವಿನ ಗೂಟದಲ್ಲಿರುವ ಏಣು ಒಂದೇ ದಿಕ್ಕಿನಲ್ಲಿ ಕೂರಲು ಬಿಡುತ್ತದೆ. ಕೆಟ್ಟರೆ ಮೇನ್ ಆರಿಸಿ, ಎಳೆದು ತೆಗೆದು, ಹೊಸದನ್ನು ಒತ್ತಿದರಾಯಿತು. ಒಂದು ತಂತಿಯನ್ನೂ ಮುಟ್ಟಬೇಕಿಲ್ಲ.

ಇದರ ಲಾಭ ಸಮಯ ಉಳಿಯುವುದಷ್ಟೇ ಅಲ್ಲ. ಸುಲಭವಾಗಿ ತೆಗೆಯಬಹುದಾದ ರಿಲೇಯನ್ನು ಮಾತ್ರ ನಾವು ಪರೀಕ್ಷೆಗೆ ಕಳಿಸುತ್ತೇವೆ. ಬಿಚ್ಚಲು ಅರ್ಧ ದಿನ ಬೇಕಾದ ರಿಲೇಯನ್ನು ಯಾರೂ ಪರೀಕ್ಷಿಸುವುದಿಲ್ಲ, ಡೈರೆಕ್ಟ್ ಮಾಡುತ್ತಾರೆ. ಆದರೆ ಎಚ್ಚರಿಕೆಯೂ ಬೇಕು. ಕಡ್ಡಿ ಕೂರುವ ಪೀಠದ ಹಿಡಿತ ಸಡಿಲವಾದರೆ ಅದೂ ಸಡಿಲ ತಿರುಪೇ. ಇರುವೆ ಗೂಡು, ಹಲ್ಲಿ ಮೊಟ್ಟೆ, ಪಾಚಿ ಅಲ್ಲಿ ಸೇರದಂತೆ ಪೆಟ್ಟಿಗೆಯ ತಂತಿ ತೂತುಗಳನ್ನು ಮುಚ್ಚಬೇಕು.

ಪ್ರಿವೆಂಟರ್ ಕೊಳ್ಳುವಾಗ ಇನ್ನೊಂದು ವ್ಯತ್ಯಾಸ ಗೊತ್ತಿರಲಿ. ಬರಿಯ ವೋಲ್ಟೇಜನ್ನು ನೋಡುವ ಬಗೆ ತನಗಿಂತ ಮುಂದೆ, ಮೋಟಾರಿನ ಕಡೆ, ತಂತಿ ಬಿಟ್ಟುಹೋದರೆ ತಿಳಿಯದು. ಕರೆಂಟನ್ನು ನೋಡುವ ಬಗೆಗೆ ತಿಳಿಯುತ್ತದೆ.

ಸಬ್‌ಸ್ಟೇಷನ್ನಿನ ಪಾಠ

ನಮ್ಮ ಪೆಟ್ಟಿಗೆಯಲ್ಲಿರುವ ಇದೇ ತತ್ವ ಊರಿನ 11 ಕೆ.ವಿ. ಫೀಡರನ್ನು ಕಾಯುವ ಸಬ್‌ಸ್ಟೇಷನ್ನಿನಲ್ಲಿ ದೊಡ್ಡದಾಗಿ ಕಾಣುತ್ತದೆ. ಮೆಸ್ಕಾಂ ಇರಲಿ, ಕೊಡಗು-ಹಾಸನದ ಸೆಸ್ಕ್ ಇರಲಿ, ಲೈನಿನ ಕರೆಂಟನ್ನು ರಿಲೇಗೆ ನೇರವಾಗಿ ಕೊಡುವುದಿಲ್ಲ; ಕರೆಂಟ್ ಟ್ರಾನ್ಸ್‌ಫಾರ್ಮರ್ ಮೂಲಕ ಇಳಿಸಿ ಕೊಡುತ್ತಾರೆ. ಉದಾಹರಣೆಗೆ, ಲೈನಿನಲ್ಲಿ 400 ಆಂಪಿಯರ್ ಹರಿದರೆ ರಿಲೇಗೆ 5. ಈ ಇಳಿಸಿದ ತಂತಿ ಲೈನು ಚಾಲೂ ಇರುವಾಗ ಎಲ್ಲಿಯೂ ತೆರೆದುಕೊಳ್ಳಬಾರದು. ತೆರೆದರೆ ಆ ಸಂದಿನಲ್ಲಿ ಪ್ರಾಣಾಪಾಯದ ವೋಲ್ಟೇಜ್ ಏರುತ್ತದೆ. ಅದಕ್ಕೇ ಹಳೆಯ ತಿರುಗು-ತಟ್ಟೆಯ ರಿಲೇಗಳನ್ನು ಮೇಜಿನ ಡ್ರಾಯರಿನಂತೆ ಎಳೆಯುವ ಗೂಡಿನಲ್ಲಿ ಇಟ್ಟರು. ರಿಲೇ ಹೊರಬರುವ ಮೊದಲೇ ಗೂಡಿನ ಹಿಂದಿನ ಟರ್ಮಿನಲ್‌ಗಳು ತಾವಾಗಿಯೇ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಅಮೆರಿಕದಲ್ಲಿ 1984ರಲ್ಲಿ ಮೈಕ್ರೋಪ್ರೊಸೆಸರ್ ರಿಲೇ ಮಾರುಕಟ್ಟೆಗೆ ಬಂದ ಮೇಲೆ ರಿಲೇಯ ಒಳಗೆಲ್ಲ ಬದಲಾಯಿತು. ಹಿಂಭಾಗದ ಟರ್ಮಿನಲ್ ಮಾತ್ರ ಉಳಿಯಿತು, ಅದರ ತಿರುಪು ಬಿಗಿಯಿರಬೇಕೆಂಬ ನಿಯಮವೂ ಉಳಿಯಿತು.

ಇದು ನಮಗೇಕೆ ಎಂದರೆ, ಮರ ಬಿದ್ದು ತಂತಿ ತುಂಡಾಗಿ ತೋಟದಲ್ಲಿ ಬಿದ್ದಾಗ ಲೈನು ಆರಿಸಬೇಕಾದ್ದು ಆ ರಿಲೇ. ಅಲ್ಲಿಯ ಒಂದು ಟರ್ಮಿನಲ್ ಸಡಿಲವಿದ್ದರೆ ಅಪ್ಪಣೆ ಹೋಗದು. ಎಲ್ಲವೂ ಸರಿಯಿದ್ದರೂ ತಂತಿ ಒಣ ನೆಲದ ಮೇಲೆ ಅಥವಾ ಒಣ ತರಗಿನ ಮೇಲೆ ಬಿದ್ದಾಗ ಹರಿಯುವ ಕರೆಂಟು ರಿಲೇಯನ್ನು ಎಬ್ಬಿಸುವಷ್ಟು ಇಲ್ಲದಿರಬಹುದು. ಆದ್ದರಿಂದ ಬಿದ್ದ ತಂತಿಯಲ್ಲಿ ಕರೆಂಟಿಲ್ಲವೆಂದು ಎಂದೂ ಭಾವಿಸಬಾರದು. ಜನ-ದನ ಯಾರನ್ನೂ ಹತ್ತಿರ ಬಿಡದೆ 1912ಕ್ಕೆ ಅಥವಾ ಲೈನ್‌ಮನ್ನಿಗೆ ತಿಳಿಸಬೇಕು. ಆಳುಗಳಿಗೂ ಅವರವರ ಭಾಷೆಯಲ್ಲಿ ಇದನ್ನು ಹೇಳಿಡುವುದು ಮಾಲೀಕರ ಕರ್ತವ್ಯ.

ಮಳೆ ನಿಂತ ಮೇಲೆ ಮಾಡಬೇಕಾದ್ದು

ಕೊಯ್ಲಿನ ಗಡಿಬಿಡಿ ಹೆಚ್ಚುವ ಮುನ್ನ, ನವೆಂಬರ್ ಒಳಗೆ ಒಂದು ದಿನ ಬಿಡುವು ಮಾಡಿಕೊಂಡು ತಿಳಿದ ಎಲೆಕ್ಟ್ರಿಷಿಯನ್ನರಿಂದ ಈ ಕೆಲಸ ಮಾಡಿಸಿ.

1. ಮೇನ್ ಆರಿಸಿ, ಫ್ಯೂಸ್ ಕಳಚಿ ಜೇಬಿಗೆ ಹಾಕಿಕೊಂಡು, ಟೆಸ್ಟರಿನಿಂದ ಮೂರೂ ಫೇಸ್ ನೋಡಿದ ಮೇಲೆಯೇ ಪೆಟ್ಟಿಗೆಗೆ ಕೈಹಾಕಬೇಕು. ಆಟೋ ಸ್ಟಾರ್ಟರ್ ಇದ್ದಲ್ಲಿ ಕರೆಂಟು ಬಂದೊಡನೆ ಮೋಟಾರು ತಾನೇ ಹೊರಡುತ್ತದೆ ಎಂಬುದನ್ನು ಮರೆಯಬಾರದು.

2. ಬಣ್ಣಗೆಟ್ಟ ತಿರುಪು, ಕರಗಿದ ಪ್ಲಾಸ್ಟಿಕ್, ಗಟ್ಟಿಯಾಗಿ ಒಡೆದ ತಂತಿಯ ಹೊದಿಕೆ ಕಂಡರೆ ಬರಿಯ ಬಿಗಿ ಮಾಡಿದರೆ ಸಾಲದು. ಸುಟ್ಟ ತುದಿ ಕತ್ತರಿಸಿ, ಹೊಸ ಲಗ್ ಒತ್ತಿಸಿ, ಸುಟ್ಟ ಟರ್ಮಿನಲ್ ಬದಲಿಸಬೇಕು.

3. ಎಳೆಎಳೆ ತಂತಿಯ ತುದಿಗೆ ಸೀಸ ಬೆಸೆದು ತಿರುಪಿನಡಿ ಇಡಬಾರದು. ಬೆಸುಗೆ ಒತ್ತಡಕ್ಕೆ ಜರುಗಿ ಮತ್ತೆ ಸಡಿಲವಾಗುತ್ತದೆ. ಒಂದು ತಿರುಪಿನಡಿ ದಪ್ಪ-ತೆಳು ಎರಡು ತಂತಿ ಸೇರಿಸಬಾರದು.

4. ರಿಲೇಯ ಮುಳ್ಳನ್ನು ಮೋಟಾರಿನ ನಾಮಫಲಕದ ಆಂಪಿಯರಿಗೆ ಇಡಿಸಿ. ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ರಿಲೇ ಡೆಲ್ಟಾ ಸುತ್ತಿನೊಳಗೆ ಇದ್ದರೆ ಅದರ ಶೇ. 58ಕ್ಕೆ, ಅಂದರೆ 15 ಆಂಪಿಯರ್ ಮೋಟಾರಿಗೆ 8.7.

5. 95-96ರ ನಡುವೆ ತುಂಡು ತಂತಿ ಕಂಡರೆ ಆಗಲೇ ಕೀಳಿಸಿ. ಆಟೋ ಸ್ಟಾರ್ಟರ್ ಇರುವವರು ರಿಲೇಯ ರೀಸೆಟ್ಟನ್ನು ಕೈಯಿಂದ ಒತ್ತುವ ಸ್ಥಾನದಲ್ಲಿಯೇ ಇಡಬೇಕು.

6. ಮೋಟಾರು ಓಡುವಾಗ ಟಾಂಗ್ ಟೆಸ್ಟರಿನಿಂದ ಮೂರೂ ಫೇಸಿನ ಕರೆಂಟು ಅಳೆಸಿ ಪೆಟ್ಟಿಗೆಯ ಬಾಗಿಲ ಒಳಬದಿಗೆ ದಿನಾಂಕ ಸಹಿತ ಬರೆದಿಡಿ. ಮುಂದಿನ ವರ್ಷ ಹೋಲಿಸಲು ಇದಕ್ಕಿಂತ ಒಳ್ಳೆಯ ದಾಖಲೆಯಿಲ್ಲ.

ರಿಲೇ ಕೊಳ್ಳಲು ಹೊರಡುವ ಸದಸ್ಯರು ಮೋಟಾರಿನ ಅಶ್ವಶಕ್ತಿ, ನಾಮಫಲಕದ ಆಂಪಿಯರ್, ಸ್ಟಾರ್ಟರಿನ ಬಗೆ, ಕಾಂಟ್ಯಾಕ್ಟರಿನ ತಯಾರಕರ ಹೆಸರು ಮತ್ತು ಮಾದರಿ ಸಂಖ್ಯೆ, ಇಷ್ಟನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಬೇಕೆಂದು ಕೋರಿಕೆ. ಕೊಕ್ಕೆ ಹಾಕುವ ರಿಲೇ ಅದೇ ತಯಾರಕರ ಅದೇ ಸರಣಿಯ ಕಾಂಟ್ಯಾಕ್ಟರಿಗೆ ಮಾತ್ರ ಸರಿಯಾಗಿ ಕೂರುತ್ತದೆ. "ಐದು ಎಚ್.ಪಿ.ಗೆ ಒಂದು ರಿಲೇ ಕೊಡಿ" ಎಂದಷ್ಟೇ ಕೇಳಿ ತಂದದ್ದು ಪೆಟ್ಟಿಗೆಯಲ್ಲಿ ಕೂರದಿದ್ದಾಗ, ಅದನ್ನು ಕೂರಿಸಲು ಹಾಕುವ ತುಂಡು ತಂತಿಯೇ ಮುಂದಿನ ಸಡಿಲ ಟರ್ಮಿನಲ್ ಆಗುತ್ತದೆ.

— ಕಾರ್ಯದರ್ಶಿ